ಮಾದೇವಮ್ಮತ್ತೆ ಕಲಿಸಿದ ಪ್ಲಿಯೇ

ಹಾಲು ಕಾಯಿಸುವಾಗ ನನಗೊಂದು ಅಭ್ಯಾಸವಿದೆ. ಒಲೆಕಟ್ಟೆಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು, ಹಿಮ್ಮಡಿಗಳನ್ನು ಜೋಡಿಸಿ, ಮೆಲ್ಲಗೆ ಕಾಲ್ಬೆರಳ ಮೇಲೆ ಏಳುತ್ತೇನೆ. ಅಷ್ಟೇ ಮೆಲ್ಲಗೆ ಇಳಿಯುತ್ತೇನೆ. ಹಾಲು ಉಕ್ಕುವ ಹೊತ್ತಿಗೆ ಮೂವತ್ತು ಸಲವಾದರೂ ಆಗಿರುತ್ತದೆ. ಮೊನ್ನೆ ಮನೆಗೆ ಬಂದಿದ್ದ ಗೆಳತಿಯೊಬ್ಬರು ಇದನ್ನು ನೋಡಿ, "ಮೇಲಿನ ಡಬ್ಬ ಏನಾದ್ರೂ ಬೇಕಿತ್ತಾ? ನಾನು ತೆಗೆದುಕೊಡ್ಲಾ?" ಅಂದರು. ಅವರು ನನಗಿಂತ ಗೇಣುದ್ದ ಎತ್ತರ. "ಇಲ್ಲ, ಇದು ರೆಲೆವೇ" ಅಂದೆ. ಅವರು ತುಸು ಯೋಚಿಸಿ, "ಎಷ್ಟು ವಾರ ಮಾಡ್ಬೇಕು?" ಎಂದು ಕೇಳಿದರು. ಯಾವುದೋ ವ್ರತ ಅಂದುಕೊಂಡಿದ್ದರು.

ನಗಬೇಡಿ. ನಾನು ನೃತ್ಯ ಕಲಿತವಳಲ್ಲ. ಪ್ರೈಮರಿ ಶಾಲೆಯಲ್ಲಿ ಕೋಲಾಟಕ್ಕೆ ಸೇರಿಸಿಕೊಂಡಾಗ ಪಕ್ಕದವಳ ಬೆರಳ ಗೆಣ್ಣಿಗೇ ಹೊಡೆಯುತ್ತಿದ್ದವಳು. ಮೂರನೆಯ ದಿನಕ್ಕೆ ಮೇಡಮ್ಮು ನನ್ನನ್ನು ಕೋಲಾಟದಿಂದ ಬಿಡಿಸಿ, ಹಿಂದೆ ನಿಲ್ಲುವ ಮರದ ಪಾತ್ರಕ್ಕೆ ಹಾಕಿದರು. ಮರವಾಗಿ ನಾನು ಚೆನ್ನಾಗಿದ್ದೆನಂತೆ. ಅಂಥ ನನಗೆ ಫ್ರೆಂಚ್ ಭಾಷೆಯ ಹತ್ತು ಹನ್ನೆರಡು ಪದಗಳು ಬರುತ್ತವೆ ಎಂದರೆ ನೀವು ನಂಬಲಿಕ್ಕಿಲ್ಲ. ಅಷ್ಟೂ ಬ್ಯಾಲೆ ಎನ್ನುವ ಕುಣಿತಕ್ಕೆ ಸೇರಿದವು, ಅಷ್ಟನ್ನೂ ನಾನು ಕಲಿತದ್ದು ನಮ್ಮ ಕಡೆಯ ಹಂಗಳ ಎಂಬ ಹಳ್ಳಿಯ ಉಚ್ಚಾರಣೆಯಲ್ಲಿ.

ಆಗ ನಾನು ಗುಂಡ್ಲುಪೇಟೆಯಲ್ಲಿ ಒಂಬತ್ತನೆಯ ಕ್ಲಾಸು. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷ ಆಗಿದ್ದಿರಬೇಕು. ಅಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಒಂದು ಭಾನುವಾರ ಬೆಳಿಗ್ಗೆ ಅವರು ನನ್ನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹಂಗಳಕ್ಕೆ ಹೊರಟಿದ್ದರು. ಅಪ್ಪನ ಅಕ್ಕ, ನಮ್ಮ ಮಾದೇವಮ್ಮತ್ತೆ, ಊಟಿಯಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿ ಆಗಷ್ಟೇ ಊರಿಗೆ ಬಂದು ನೆಲೆಸಿದ್ದಳು. ಅದು ಚೆಂಡುಹೂವಿನ ಕಾಲ. ರಸ್ತೆಯ ಎರಡೂ ಕಡೆ ಹೊಲಗಳು ಹಳದಿಯಾಗಿ, ಊಟಿಗೆ ಹೋಗುವ ಕಾರಿನವರೆಲ್ಲ ಇಳಿದಿಳಿದು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಹೂವಿನ ಮೂಟೆ ತುಂಬಿದ ಲಾರಿಯಿಂದ ರಾಶಿ ಹೂ ರಸ್ತೆಗೆ ಉದುರಿತ್ತು. ಅದರ ಮೇಲೆ ತುಂತುರು ಮಳೆ ಬಿದ್ದಿತ್ತು, ನಾಲ್ಕಾರು ಗಾಡಿ ಹರಿದಿದ್ದವು. ಬೈಕು ಆ ಹಳದಿ ರಾಡಿಯ ಮೇಲೆ, ಹಸು ಮಲಗುವ ಹಾಗೆ, ನಿಧಾನವಾಗಿ ಪಕ್ಕಕ್ಕೆ ಮಲಗಿತು. ಅಪ್ಪನ ಮೊಣಕೈ ತರಚಿತು. ನನ್ನ ಬಲಗಾಲು ಬೈಕಿನ ಅಡಿಯಲ್ಲಿತ್ತು. ಹೂವಿನ ಹಾಸಿಗೆಯ ಮೇಲೆ ಬಿದ್ದು ಕಾಲು ಮುರಿದುಕೊಂಡವರು ಇಡೀ ಚಾಮರಾಜನಗರ ಜಿಲ್ಲೆಗೆ ನಾನೊಬ್ಬಳೇ ಇರಬೇಕು.

ಚಾಮರಾಜನಗರದ ಆಸ್ಪತ್ರೆಯಲ್ಲಿ ಪಾದದಿಂದ ಮಂಡಿಯವರೆಗೆ ಹಿಟ್ಟಿನ ಪಟ್ಟು, ಅಂದರೆ ಪ್ಲಾಸ್ಟರು, ಹಾಕಿದರು. ಎಂಟು ವಾರ. ಆ ದಿನಗಳು ನಿಜ ಹೇಳಬೇಕೆಂದರೆ ಮಜವಾಗಿದ್ದವು. ಶಾಲೆಯ ಗೆಳತಿಯರು ಬಂದು ಪಟ್ಟಿನ ಮೇಲೆಲ್ಲ ಹೆಸರು ಬರೆದರು, ಒಬ್ಬಳು ಪರೀಕ್ಷೆಗೆ ಅನುಕೂಲವಾಗಲಿ ಎಂದು ಗಣಿತದ ಸೂತ್ರ ಬರೆದಳು. ಪಟ್ಟು ಕತ್ತರಿಸಿದ ದಿನ ಮಜವೆಲ್ಲ ಇಳಿಯಿತು. ಒಳಗಿದ್ದದ್ದು ನನ್ನ ಕಾಲೇ ಅಲ್ಲ. ಸಿಪ್ಪೆ ಏಳುತ್ತಿದ್ದ, ಬೆಳ್ಳಗಾದ, ನುಗ್ಗೇಕಾಯಿಯಂಥ ಒಂದು ವಸ್ತು. ಡಾಕ್ಟರು, "ಮೂಳೆ ಚೆನ್ನಾಗಿ ಕೂಡಿದೆ. ಇನ್ನು ಧೈರ್ಯವಾಗಿ ಕಾಲೂರು, ಪಾದ ಮೇಲೆ ಕೆಳಗೆ ಆಡಿಸು" ಎಂದು ಹೇಳಿ ಮುಂದಿನವರನ್ನು ಕರೆದರು. ಹೊರಗೆ ಅರವತ್ತು ಜನ ಕಾದಿದ್ದರು, ಅವರನ್ನೇನೂ ಅನ್ನುವ ಹಾಗಿಲ್ಲ. ಆದರೆ ಧೈರ್ಯ ಎನ್ನುವುದು ಔಷಧಿ ಅಂಗಡಿಯಲ್ಲಿ ಸಿಗುವುದಿಲ್ಲವಲ್ಲ. ಬಲಗಾಲು ಊರಿದರೆ ಮತ್ತೆ ಚಟ್ಟೆಂದು ಮುರಿಯುತ್ತದೆ ಎಂದು ನನ್ನ ಮೈ ನಂಬಿಬಿಟ್ಟಿತ್ತು. ಕೋಲು ಹಿಡಿದು, ಸೊಂಟ ಒಂದು ಕಡೆಗೆ ಎಸೆದು, ಕಾಲು ಎಳೆದೆಳೆದು ನಡೆಯುತ್ತಿದ್ದೆ.

ಆ ವರ್ಷ ವಿಜ್ಞಾನದಲ್ಲಿ ಲೋಲಕದ ಪಾಠವಿತ್ತು. ನಾನು ಕ್ಲಾಸಿನ ಬಾಗಿಲಿಂದ ಬೆಂಚಿನವರೆಗೆ ತೂಗಿಕೊಂಡು ಹೋಗುವುದನ್ನು ನೋಡಿ ಯಾರೋ "ಲೋಲಕ ಬಂತು" ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಹೊಟ್ಟೆನೋವು, ತಲೆನೋವು ಎಂದು ಒಂದೊಂದು ದಿನ ಒಂದೊಂದು ನೆಪ ಹೇಳಿ ಶಾಲೆಗೆ ಹೋಗುವುದನ್ನೇ ಬಿಟ್ಟೆ. ಅಪ್ಪ ಏನೂ ಅನ್ನುತ್ತಿರಲಿಲ್ಲ. ಬೈಕು ಓಡಿಸಿದ್ದವರು ತಾವು ಎಂಬುದು ಅವರನ್ನು ಒಳಗೊಳಗೇ ತಿನ್ನುತ್ತಿತ್ತು.

ಒಂದು ದಿನ ಮಧ್ಯಾಹ್ನ ಮಾದೇವಮ್ಮತ್ತೆ ಒಂದು ರೆಕ್ಸಿನ್ ಬ್ಯಾಗು ಹಿಡಿದುಕೊಂಡು ನಮ್ಮ ಮನೆಗೆ ಬಂದಿಳಿದಳು. ಬಂದವಳು ನೀರು ಕೂಡ ಕುಡಿಯದೆ, "ಎಲ್ಲಿ, ನಡ್ದು ತೋರ್ಸಮ್ಮಿ" ಅಂದಳು. ನಾನು ಜಗಲಿಯ ಈ ತುದಿಯಿಂದ ಆ ತುದಿಗೆ ನಡೆದೆ. ಅತ್ತೆ ತಲೆ ಓರೆ ಮಾಡಿ ನೋಡಿದಳು.

"ಕಾಲ್ಗ ಏನೂ ಆಗಿಲ್ಲ ಕಣಮ್ಮಿ. ಕಾಲು ಮರ್ತೋಗದ, ಅಷ್ಟೇಯ. ನಾಳ ಬೆಳಗ್ಗೆಯಿಂದ ಬಾರ್ ಹಿಡ್ಕಳನ."

ಅಮ್ಮ ಅಡುಗೆಮನೆಯಿಂದ ತಲೆ ಹೊರಗೆ ಹಾಕಿ, "ಏನ್ ಹಿಡ್ಕತದ?" ಅಂದಳು.

ಇಲ್ಲಿ ಅತ್ತೆಯ ವಿಷಯ ಸ್ವಲ್ಪ ಹೇಳಬೇಕು. ಚಿಕ್ಕ ವಯಸ್ಸಿಗೆ ಗಂಡನನ್ನು ಕಳೆದುಕೊಂಡು, ಮಕ್ಕಳಿಲ್ಲದ ಅವಳು ಪರಿಚಯದವರ ಜೊತೆ ಊಟಿಗೆ ಹೋಗಿ ಒಂದು ಬೋರ್ಡಿಂಗ್ ಶಾಲೆಯಲ್ಲಿ ಆಯಾ ಆದಳು. ಮಕ್ಕಳ ತಲೆ ಬಾಚುವುದು, ಸ್ವೆಟರು ಹುಡುಕಿಕೊಡುವುದು, ವಾರಕ್ಕೆರಡು ಸಲ ಹೆಣ್ಣುಮಕ್ಕಳನ್ನು ಡಾನ್ಸ್ ಹಾಲಿಗೆ ಕರೆದುಕೊಂಡು ಹೋಗುವುದು. ಅಲ್ಲಿ ಡಾರತಿ ಮಿಸ್ಸು ಎಂಬ ವಯಸ್ಸಾದ ಟೀಚರು ಬ್ಯಾಲೆ ಕಲಿಸುತ್ತಿದ್ದರು. ಗೋಡೆಯುದ್ದಕ್ಕೂ ಕೂರಿಸಿದ ಮರದ ಗಳುವನ್ನು ಹಿಡಿದುಕೊಂಡು ಮಕ್ಕಳು ಅಭ್ಯಾಸ ಮಾಡಬೇಕು, ಆ ಗಳುವಿಗೇ 'ಬಾರ್' ಎಂದು ಹೆಸರು. ಅತ್ತೆಯ ಕೆಲಸ ಮಕ್ಕಳ ಷೂಸಿನ ರಿಬ್ಬನ್ ಕಟ್ಟಿ, ಮೂಲೆಯಲ್ಲಿ ಕೂತಿದ್ದು, ಕೊನೆಗೆ ಹಾಲ್ ಗುಡಿಸಿ ಬೀಗ ಹಾಕುವುದು. ಇಪ್ಪತ್ತು ವರ್ಷ ಮೂಲೆಯಲ್ಲಿ ಕೂತವಳಿಗೆ ಎಲ್ಲವೂ ಬಾಯಿಪಾಠವಾಗಿತ್ತು.

ನಮ್ಮ ಮನೆಯಲ್ಲಿ ಬೀದಿ ಕಡೆಯ ಕಿಟಕಿಯ ಸರಳೇ ಬಾರ್ ಆಯಿತು. ಬೆಳಿಗ್ಗೆ ಆರೂವರೆಗೆ ಅತ್ತೆಯ ಗಂಟಲು ಏಳುತ್ತಿತ್ತು: "ಎದ್ದೇಳಮ್ಮಿ, ಬಾರ್ಗ ಹೊತ್ತಾಯ್ತು!" ಒಂದು ವಾರ ಇದನ್ನು ಕೇಳಿಸಿಕೊಂಡ ಪಕ್ಕದ ಮನೆಯ ಜಯಮ್ಮ ಅಪ್ಪನನ್ನು ಗೇಟಿನ ಹತ್ತಿರ ತಡೆದು, ದನಿ ತಗ್ಗಿಸಿ, "ನಿಮ್ಮಕ್ಕ ಊಟೀಲಿದ್ದೋರು, ಅಲ್ ಚಳಿ, ಅಭ್ಯಾಸ ಆಗೋಗಿರ್ತದ, ತಪ್ಪು ಅನ್ನಲ್ಲ ಕಣಣ್ಣ. ಆದ್ರ ಮಗೀನ್ಯಾಕ ಕರ್ಕೊಂಡೋಯ್ತಾರ?" ಅಂದರಂತೆ. ನನ್ನ ಕಾಲು ಮುರಿದ ದಿನದಿಂದ ಅಪ್ಪ ನಕ್ಕಿರಲಿಲ್ಲ. ಅವತ್ತು ಕಚೇರಿಗೆ ಹೋಗುವುದನ್ನು ಬಿಟ್ಟು ವಾಪಸ್ ಒಳಗೆ ಬಂದು ಕುರ್ಚಿಯಲ್ಲಿ ಕೂತು ನಕ್ಕರು.

ಮೊದಲನೆಯದು ಪ್ಲಿಯೇ. ಹಿಮ್ಮಡಿ ಕೂಡಿಸಿ, ಪಾದಗಳನ್ನು ಎರಡು ಪಕ್ಕಕ್ಕೆ ತಿರುಗಿಸಿ, ಬೆನ್ನು ನೆಟ್ಟಗಿಟ್ಟುಕೊಂಡು ಮಂಡಿ ಮಾತ್ರ ಬಗ್ಗಿಸುವುದು. "ಮೇಲಿಂದ ಯಾರೋ ಕೂದ್ಲು ಹಿಡ್ದು ಎಳೀತಾವ್ರ ಅನ್ಕೊ, ಕೆಳ್ಗಿಂದ ಭೂಮ್ತಾಯಿ ಕರೀತಾವ್ಳ ಅನ್ಕೊ" ಎನ್ನುವಳು. ಎರಡನೆಯದು ತಾಂದು, ಹೆಬ್ಬೆರಳ ತುದಿ ನೆಲ ಬಿಡದ ಹಾಗೆ ಕಾಲನ್ನು ಮುಂದಕ್ಕೆ ಚಾಚಿ ಎಳೆದುಕೊಳ್ಳುವುದು. "ನೆಲ ವರಸ್ದಂಗ. ಎತ್ಬ್ಯಾಡ, ವರಸು." ಮೂರನೆಯದು ರೆಲೆವೇ, ಕಾಲ್ಬೆರಳ ಮೇಲೆ ಏಳುವುದು. ಆಮೇಲೆ 'ರಂದ ಜಂಬು'. ಚಾಚಿದ ಕಾಲಿನಿಂದ ನೆಲದ ಮೇಲೆ ಅರ್ಧ ಚಕ್ರ ಬರೆಯುವುದು. ಇದರ ಹೆಸರು ಕೇಳಿದಾಗಲೆಲ್ಲ ಅಮ್ಮ, "ಕಾಲೇ ನೆಟ್ಗಿಲ್ಲ, ಇನ್ನು ಜಂಬ ಬ್ಯಾರೆ" ಎಂದು ಗೊಣಗುತ್ತಿದ್ದಳು. ಒಂದು ಕಾಲಲ್ಲಿ ನಿಂತು ಮಂಡಿಯನ್ನು ನಿಧಾನಕ್ಕೆ ಇಳಿಸುವುದು ಫೋಂದು. ಇದರಲ್ಲಿ ನನ್ನ ಬಲಗಾಲು ನಡುಗಿ, ಕಿಟಕಿಯ ಸರಳೂ ನಡುಗಿ, ಸರಳಿಗೆ ಸಿಕ್ಕಿಸಿದ್ದ ಅಪ್ಪನ ಕನ್ನಡಿ ಎರಡು ಸಲ ಬಿತ್ತು.

ಈ ಪದಗಳಿಗೆ ಏನರ್ಥ ಎಂದು ಕೇಳಿದರೆ ಅತ್ತೆಗೆ ಗೊತ್ತಿರಲಿಲ್ಲ. "ದೊಡ್ ದೊಡ್ ಮಾತಿರ್ತವ ಕಣಮ್ಮಿ. ಪಿರಾನ್ಸ್ ದೇಸ್ದಲ್ಲಿ ರಾಜನ್ ಮುಂದ ಮಾಡ್ತಿದ್ರಂತ. ಅರ್ಥ ತಕ್ಕಂಡ್ ಏನ್ಮಾಡೀಯ, ಮಂಡಿ ಬಗ್ಸು" ಅನ್ನುವಳು. ಲೆಕ್ಕ ಮಾತ್ರ ಇಂಗ್ಲಿಷಿನಲ್ಲಿ, "ವನ್ ಅಂಡ್, ಟೂ ಅಂಡ್." ನಾನು ಸುಸ್ತೆಂದು ಕೂತರೆ ಊಟಿಯ ತಮಿಳಿನಲ್ಲಿ "ಸೀಕ್ರಂ, ಸೀಕ್ರಂ!" ಎಂದು ಅವಸರಿಸುವಳು. ನಾನು ಒಳ್ಳೆಯ ಶಿಷ್ಯೆಯೇನೂ ಆಗಿರಲಿಲ್ಲ. ಗೊಣಗಿದೆ, "ಅತ್ತೆ, ನೋವು" ಎಂದು ನಾಟಕ ಆಡಿದೆ. ಅವಳು ನನ್ನ ಮುಖ ನೋಡುತ್ತಲೇ ಇರಲಿಲ್ಲ, ಮೀನಖಂಡವನ್ನು ನೋಡುತ್ತಿದ್ದಳು. ಅದು ಸುಳ್ಳು ಹೇಳುವುದಿಲ್ಲವಂತೆ.

ತಿಂಗಳು ಕಳೆಯಿತು. ಕೋಲು ಬಾಗಿಲ ಹಿಂದೆ ಸೇರಿತು. ಆಗ ನನಗೆ ಸ್ವಲ್ಪ ತಲೆ ತಿರುಗಿತು ನೋಡಿ. ಅತ್ತೆ ಒಂದು ಸಲ ನಗುನಗುತ್ತ 'ಪಾದಶಾ' ಎಂಬುದನ್ನು ಮಾಡಿ ತೋರಿಸಿದ್ದಳು. ಸೀರೆ ಎತ್ತಿ ಕಟ್ಟಿ, ಒಂದಾದ ಮೇಲೊಂದು ಮಂಡಿ ಮಡಿಚಿ, ಪಕ್ಕಕ್ಕೆ ಟಣ್ಣನೆ ನೆಗೆದು ಸದ್ದಿಲ್ಲದೆ ಇಳಿದಳು. ಐವತ್ತು ದಾಟಿದ ಹೆಂಗಸು! "ಇದ ನೀನ್ ಮಾಡ್ಬ್ಯಾಡ, ಇನ್ನಾರ್ ತಿಂಗ್ಳಾಗ್ಲಿ" ಎಂದಿದ್ದಳು. ಮಾರನೆಯ ದಿನ ಅವಳು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಾಗ ನಾನು ಹಜಾರದಲ್ಲಿ ಒಬ್ಬಳೇ ನೆಗೆದೆ. ಇಳಿಯುವಾಗ ಬಲಪಾದ ಹೊರಳಿ, ಹೊಸ್ತಿಲಿಗೆ ಅಪ್ಪಳಿಸಿ ಬಿದ್ದೆ. ಕಣಕಾಲು ಬದನೆಕಾಯಿ ಗಾತ್ರ ಊದಿತು.

ಅಮ್ಮ ಓಡಿ ಬಂದವಳು ಹೆದರಿಕೆಯಲ್ಲಿ ಅತ್ತೆಯ ಮೇಲೆ ಹರಿಹಾಯ್ದಳು. "ನಿಮ್ ಊಟಿ ಕುಣ್ತ ಸಾಕು ಅತ್ಗೆ. ದೊರೆಮಕ್ಕಳಿಗ ಹೇಳ್ಕೊಡೋದ್ನ ತಂದು ನನ್ ಮಗೀನ ಕಾಲು ಮತ್ತ ಮುರ್ದ್‌ಬುಟ್ರಲ್ಲ!"

ಅತ್ತೆಯ ಕೈಯಿಂದ ಸೋಪಿನ ನೊರೆ ತೊಟ್ಟಿಕ್ಕುತ್ತಿತ್ತು. ಅವಳು ಒಂದು ಸಲ ನನ್ನ ಮುಖ ನೋಡಿದಳು. ಏನಾಗಿದೆ ಎಂಬುದು ಅವಳಿಗೆ ಗೊತ್ತಾಗಿತ್ತು. ನಾನು ಬಾಯಿ ಬಿಡಲಿಲ್ಲ.

"ನಂದೇ ತಪ್ಪು ಕಣಮ್ಮ. ಬಿರ್ನೆ ಹೇಳ್ಕೊಟ್‌ಬುಟ್ಟಿ" ಅಂದಳು ಅತ್ತೆ. ಆವತ್ತೇ ಸಂಜೆಯ ಬಸ್ಸಿಗೆ ರೆಕ್ಸಿನ್ ಬ್ಯಾಗು ಹಿಡಿದು ಹೊರಟುಹೋದಳು.

ಮೂಳೆಗೆ ಏನೂ ಆಗಿರಲಿಲ್ಲ, ಉಳುಕು ಅಷ್ಟೇ. ಮೂರು ದಿನಕ್ಕೆ ಊತ ಇಳಿಯಿತು. ಆದರೆ ಬೆಳಿಗ್ಗೆ ಆರೂವರೆಗೆ ಎಚ್ಚರವಾಗುವುದು ನಿಲ್ಲಲಿಲ್ಲ. ಎದ್ದು ಕಿಟಕಿಯ ಹತ್ತಿರ ಹೋಗಿ ಸರಳು ಹಿಡಿದರೆ "ವನ್ ಅಂಡ್" ಅನ್ನುವವರಿಲ್ಲ. ನಾಲ್ಕನೆಯ ದಿನ ಅಮ್ಮ ದೋಸೆ ಹಾಕಿಕೊಟ್ಟಳು. ತಿನ್ನಲಾಗದೆ ಅಳುತ್ತ ಎಲ್ಲ ಹೇಳಿಬಿಟ್ಟೆ. ಅಮ್ಮ ಬೈಯುತ್ತಾಳೆ, ಸಟ್ಟುಗ ಎತ್ತುತ್ತಾಳೆ ಎಂದು ಕಾದೆ. ಅವಳು ಸ್ಟವ್ ಆರಿಸಿ, ಸೀರೆ ಬದಲಾಯಿಸಿಕೊಂಡು ಬಂದು, "ಅಪ್ಪನ್ಗ ಹೇಳು, ನಾನು ಹಂಗ್ಳಕ್ಕ ಓಗಿವ್ನಿ ಅಂತ" ಎಂದು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು. ಅಮ್ಮ ಒಬ್ಬಳೇ ಬಸ್ಸು ಹತ್ತಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮಧ್ಯಾಹ್ನ ಇಬ್ಬರೂ ಒಟ್ಟಿಗೆ ಬಂದರು. ಅಲ್ಲಿ ಏನು ಮಾತಾಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ. ಅಮ್ಮನ ಕಣ್ಣು ಕೆಂಪಗಿತ್ತು, ಕೈಯಲ್ಲಿ ಅತ್ತೆಯ ಬ್ಯಾಗಿತ್ತು. ಹಿತ್ತಲಲ್ಲಿ ಅವರೇಕಾಯಿ ಬಿಡಿಸುತ್ತ ಕೂತಾಗ ನಾನು ಅತ್ತೆಯ ಪಕ್ಕಕ್ಕೆ ಸರಿದು, "ಯಾಕತ್ತೆ ಅವತ್ತೇ ಹೇಳ್ಲಿಲ್ಲ?" ಎಂದೆ.

"ನಾನೂ ಕದ್ದು ಮಾಡಿದ್ದೋಳೇ ಕಣಮ್ಮಿ" ಅಂದಳು ಅತ್ತೆ.

ಒಂದು ರಜೆಯಲ್ಲಿ, ಮಕ್ಕಳೆಲ್ಲ ಊರಿಗೆ ಹೋಗಿದ್ದಾಗ, ಡಾನ್ಸ್ ಹಾಲ್ ಗುಡಿಸುತ್ತಿದ್ದವಳಿಗೆ ಏನನ್ನಿಸಿತೋ, ಪೊರಕೆ ಕೆಳಗಿಟ್ಟು ಬಾರ್ ಹಿಡಿದು, ಒಂದು ಕಾಲನ್ನು ಹಿಂದಕ್ಕೆ ಎತ್ತಿ, ಒಂದು ಕೈ ಮುಂದೆ ಚಾಚಿ ನಿಂತಳಂತೆ. ಅದಕ್ಕೆ ಅರಬೆಸ್ಕ್ ಎನ್ನುತ್ತಾರೆ. ಎದುರಿನ ದೊಡ್ಡ ಕನ್ನಡಿಯಲ್ಲಿ ನೋಡಿದರೆ ಬಾಗಿಲಲ್ಲಿ ಡಾರತಿ ಮಿಸ್ಸು! ಕೆಲಸ ಹೋಯಿತು ಎಂದುಕೊಂಡಳು. ಕಾಲು ಇಳಿಸುವುದಕ್ಕೂ ಆಗದೆ ಹಾಗೇ ನಿಂತುಬಿಟ್ಟಳು. ಮಿಸ್ಸು ಹತ್ತಿರ ಬಂದು, ಒಂದು ಬೆರಳಿಂದ ಅವಳ ಮೊಣಕೈಯನ್ನು ಒಂದು ಚೂರು ಮೇಲೆತ್ತಿ, ಭುಜವನ್ನು ಒಂದು ಚೂರು ಕೆಳಗೊತ್ತಿ, "ಬೆಟರ್" ಎಂದು ಹೇಳಿ ಹೊರಟುಹೋದರು. ಯಾರಿಗೂ ಹೇಳಲಿಲ್ಲ.

"ಆವತ್ತಿಂದ ಮಿಸ್ಸು ಮಕ್ಕಳ್ಗ ಏನ್ ತಿದ್ದುದ್ರೂ ನಾನ್ ಕುಂತಿದ್ ಮೂಲ ಕಡ್ಗೂ ಒಂದಪ ತಿರುಗಿ ಜೋರಾಗ್ ಹೇಳೋರು. ನಂಗ ಕೇಳ್ಸಲಿ ಅಂತ" ಎಂದು ಅತ್ತೆ ಸಿಪ್ಪೆ ಕೊಡವಿ ಎದ್ದಳು.

ಆಮೇಲೆ ನಾನು ನಾಟಕ ಆಡಲಿಲ್ಲ. ಅಮ್ಮನೂ, ಸೊಂಟನೋವಿಗೆ ಒಳ್ಳೆಯದಂತೆ ಎಂದು ಕಿಟಕಿಯ ಇನ್ನೊಂದು ಸರಳು ಹಿಡಿದು ನಿಂತಳು. ಪ್ಲಿಯೇ ಮಾಡುತ್ತಲೇ ಬೀದಿಯಲ್ಲಿ ಹೋಗುವ ಸೊಪ್ಪಿನವಳನ್ನು ಕೂಗಿ ನಿಲ್ಲಿಸುವ ಚಾತುರ್ಯ ಅವಳಿಗೆ ಮಾತ್ರ ಇತ್ತು. ಎರಡು ತಿಂಗಳಲ್ಲಿ ನಾನು ಶಾಲೆಗೆ ವಾಪಸಾದೆ. ಮೊದಲ ದಿನ ಬಾಗಿಲಿಂದ ಬೆಂಚಿಗೆ ನಡೆದಾಗ ಯಾರೂ ಏನೂ ಹೇಳಲಿಲ್ಲ. ಅದಕ್ಕಿಂತ ದೊಡ್ಡ ಚಪ್ಪಾಳೆ ನನಗೆ ಬೇಕಿರಲಿಲ್ಲ.

ಚಾಮರಾಜನಗರಕ್ಕೆ ಕೊನೆಯ ಸಲ ತೋರಿಸಲು ಹೋದಾಗ ಅಮ್ಮ ಬಲವಂತ ಮಾಡಿ ಅತ್ತೆಯನ್ನೂ ಕರೆದುಕೊಂಡು ಬಂದಳು. ಅದೇ ಡಾಕ್ಟರು. ನನ್ನ ಮೀನಖಂಡ ಒತ್ತಿ ನೋಡಿ, ನಡೆಸಿ ನೋಡಿ, ಕಾಲ್ಬೆರಳ ಮೇಲೆ ನಿಲ್ಲಿಸಿ ನೋಡಿ, "ಯಾರು ವ್ಯಾಯಾಮ ಹೇಳಿಕೊಟ್ಟದ್ದು? ಮೈಸೂರಿಗೆ ಹೋಗಿದ್ರಾ?" ಎಂದರು. ಅತ್ತೆ ಅಮ್ಮನ ಬೆನ್ನ ಹಿಂದೆ ಸರಿದಳು. ಅಮ್ಮ ಪಕ್ಕಕ್ಕೆ ಸರಿದು ಅವಳನ್ನು ಮುಂದಕ್ಕೆ ಮಾಡಿದಳು.

"ನಾನು ಸಾರ್. ತಪ್ಪಾಗಿದ್ರ ಮಾಪ್ ಮಾಡಿ."

"ಏನು ಮಾಡಿಸಿದ್ರಿ? ತೋರಿಸಿ ನೋಡೋಣ."

ಅತ್ತೆ ಸೆರಗು ಸಿಕ್ಕಿಸಿ, ಡಾಕ್ಟರ ಮೇಜಿನ ಅಂಚಿಗೆ ಬೆರಳಿಟ್ಟಳು. ಅದುವರೆಗೆ ಕುಗ್ಗಿ ನಿಂತಿದ್ದವಳ ಕುತ್ತಿಗೆ ಉದ್ದವಾಯಿತು, ಗಲ್ಲ ಎದ್ದಿತು. "ಇದು ಪ್ಲಿಯೇ ಸಾರ್. ಇದು ತಾಂದು. ಇದು ರೆಲೆವೇ, ಇದ ಮೂರ್ ವಾರ ಕಳದ್ ಮ್ಯಾಲ ಸುರು ಮಾಡ್ಸಿದ್ದು. ಮೊದ್ಲೇ ಮಾಡುದ್ರ ಕಣಕಾಲ್ಗ ಬಾರ ಬಿದ್ದೋಯ್ತದ." ಡಾಕ್ಟರು ಪೆನ್ನು ಕೆಳಗಿಟ್ಟು ನೋಡಿದರು. ನೋಡುತ್ತ ನೋಡುತ್ತ, "ಮೂರು ವಾರ ಅಂತ ಹೇಗೆ ಗೊತ್ತಾಯ್ತು?" ಎಂದು ಕೇಳಿದರು. "ಮೀನ್ಕಂಡ ನೋಡ್ದಿ ಸಾರ್" ಅಂದಳು ಅತ್ತೆ.

ಡಾಕ್ಟರು ಎದ್ದು ಹೊರಗೆ ಹೋಗಿ ಒಬ್ಬ ಹೆಂಗಸನ್ನು ಕರೆದುಕೊಂಡು ಬಂದರು. ಕುದೇರಿನವರು, ಪಟ್ಟು ಬಿಚ್ಚಿ ತಿಂಗಳಾದರೂ ಕಾಲೂರಲು ಹೆದರಿ ಮಗಳ ಹೆಗಲ ಮೇಲೆ ನೇತಾಡುತ್ತಿದ್ದರು. "ಇವರಿಗೂ ಮೊದಲ ಎರಡು ಹೇಳಿಕೊಡ್ತೀರಾ ಅಮ್ಮ?" ಎಂದರು ಡಾಕ್ಟರು. ಆಸ್ಪತ್ರೆಯ ವರಾಂಡದ ಕಂಬಿ ಹಿಡಿಸಿ ಅತ್ತೆ ಆ ಹೆಂಗಸಿಗೆ ಮುಕ್ಕಾಲು ಗಂಟೆ ಹೇಳಿಕೊಟ್ಟಳು. "ವನ್ ಅಂಡ್, ಟೂ ಅಂಡ್. ಹೆದ್ರುಬ್ಯಾಡ ಕವ್ವ, ನಾನ್ ಹಿಡ್ಕಂಡಿವ್ನಿ." ಬೆಂಚಿನ ಮೇಲೆ ಕೂತಿದ್ದವರು ಕೂತಲ್ಲೇ ಪಾದ ಚಾಚಿ ಎಳೆದುಕೊಳ್ಳುತ್ತಿದ್ದರು. ನಮಗೆ ತೆರಕಣಾಂಬಿ ಮೇಲೆ ಊರಿಗೆ ಹೋಗುವ ಬಸ್ಸು ತಪ್ಪಿತು, ಯಾರಿಗೂ ಬೇಸರವಾಗಲಿಲ್ಲ.

ಮುಂದೆ ನಾನು ಡಿಗ್ರಿ ಓದಲು ಚಾಮರಾಜನಗರಕ್ಕೇ ಸೇರಿದೆ. ಅಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಸೈಬರ್ ಸೆಂಟರಿತ್ತು. ಹಾಲ್ ಟಿಕೆಟ್ ತೆಗೆಯಲು ಹೋದವಳು ಸಮಯ ಉಳಿದಿದ್ದರಿಂದ ಬ್ಯಾಲೆ ಎಂದು ಟೈಪು ಮಾಡಿ ನೋಡಿದೆ. ಪದಗಳ ಉದ್ದ ಪಟ್ಟಿ ತೆರೆಯಿತು, ಪಕ್ಕದಲ್ಲಿ ಚಿತ್ರ, ಅರ್ಥ. ನೋಟ್ ಬುಕ್ಕಿನ ಹಿಂದಿನ ಹಾಳೆಯಲ್ಲಿ ಒಂದೊಂದನ್ನೇ ಬರೆದುಕೊಂಡೆ. ಆ ಶನಿವಾರವೇ ಹಂಗಳಕ್ಕೆ ಹೋದೆ.

ಅತ್ತೆ ಅಂಗಳದಲ್ಲಿ ಹುರುಳಿ ಕೇರುತ್ತಿದ್ದಳು. ನಾನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಓದಿದೆ. "ಪ್ಲಿಯೇ ಅಂದ್ರೆ ಬಗ್ಗಿದ್ದು. ತಾಂದು ಅಂದ್ರೆ ಚಾಚಿದ್ದು. ರೆಲೆವೇ ಅಂದ್ರೆ ಮೇಲೆತ್ತಿದ್ದು. ಫೋಂದು ಅಂದ್ರೆ ಕರಗಿದ್ದು. ರಂದ ಜಂಬು ಅಂದ್ರೆ ಕಾಲಿನ ಸುತ್ತು. ಪಾದಶಾ ಅಂದ್ರೆ ಬೆಕ್ಕಿನ ಹೆಜ್ಜೆ."

ಅತ್ತೆಯ ಮೊರ ನಿಂತಿತು. "ಅಷ್ಟೇಯಾ?"

"ಅಷ್ಟೇ."

"ಬಗ್ಗದು, ಚಾಚದು, ಏಳದು?" ಅವಳು ಮೊರ ಕೆಳಗಿಟ್ಟು ನಗಲು ಶುರು ಮಾಡಿದಳು. "ಅಯ್ಯೋ ನನ್ ಸಿವನೆ, ನಾನು ಇಪ್ಪತ್ ವರ್ಸ ಏನೋ ಮಂತ್ರ ಅನ್ಕಂಡಿದ್ನಲ್ಲಮ್ಮಿ! ಕಳ ಕೀಳಕ ಬಗ್ಗೀವಿ, ಸೀಬೆಕಾಯ್ ಕೀಳಕ ಕಾಲ್ಬೆಳ್ಳ ಮ್ಯಾಲ ಏಳೀವಿ. ಆ ದೇಸ್ದೋರೂ ನಮ್ಮಂಗೇ ಮಾತಾಡ್ತಾರ ಅಂದಂಗಾಯ್ತು!" ನಕ್ಕು ನಕ್ಕು ಹುರುಳಿಯ ರಾಶಿಯ ಮೇಲೆ ಕೈಯೂರಿದಳು.

ಪಟ್ಟಿಯಲ್ಲಿ ಕೊನೆಗೊಂದು ಪದ ಉಳಿದಿತ್ತು. ರೆವೆರಾನ್ಸ್. ಅವಳು ಅದನ್ನು ನನಗೆ ಯಾವತ್ತೂ ಹೇಳಿಕೊಟ್ಟಿರಲಿಲ್ಲ. ಪಾಠ ಮುಗಿದ ಮೇಲೆ ಒಂದು ಕಾಲನ್ನು ಹಿಂದಕ್ಕೆ ಸರಿಸಿ, ಮಂಡಿ ಬಗ್ಗಿಸಿ, ತೋಳು ಚಾಚಿ ತಲೆಬಾಗುವುದು ಎಂದು ಪಟ್ಟಿಯಲ್ಲಿತ್ತು.

"ಇದು ನಿಂಗೆ ಗೊತ್ತಿರ್ಲಿಲ್ವಾ ಅತ್ತೆ?"

"ಗೊತ್ತಿಲ್ದೆ ಏನು. ಪರತಿ ಸಲ ಕಡೇಗೆ ಮಾಡ್ಬೇಕು."

"ಮತ್ತೆ ನಂಗ್ಯಾಕೆ ಹೇಳಿಕೊಡ್ಲಿಲ್ಲ?"

ಅತ್ತೆ ಮೊರ ಎತ್ತಿಕೊಂಡು ಹುರುಳಿಯೊಳಗಿನ ಕಲ್ಲು ಹುಡುಕತೊಡಗಿದಳು. "ಅದು ಟೀಚರ್ಗ ಮಾಡದು ಕಣಮ್ಮಿ. ನಾನೇನ್ ಟೀಚರಾ?"

ನಾನು ಚಪ್ಪಲಿ ಬಿಟ್ಟು ಎದ್ದು ನಿಂತೆ. ಚಿತ್ರದಲ್ಲಿ ನೋಡಿದ್ದಂತೆ ಬಲಗಾಲನ್ನು ಹಿಂದಕ್ಕೆ ಸರಿಸಿ, ಚೂಡಿದಾರದ ಅಂಚು ಹಿಡಿದು, ಮಂಡಿ ಬಗ್ಗಿಸಿ, ಅವಳ ಮುಂದೆ ತಲೆಬಾಗಿದೆ. ತಲೆಯೆತ್ತಿ ನೋಡಿದಾಗ ಅತ್ತೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು.

"ಇನ್ನೊಂದಪ ಮಾಡಮ್ಮಿ" ಎಂದಳು. "ಕಣ್ಗ ಹೊಟ್ಟು ಬಿದ್‌ಬುಟ್ಟಿತ್ತು, ಸರ್ಯಾಗಿ ನೋಡ್ನಿಲ್ಲ."

ನಾನು ಇನ್ನೊಂದು ಸಲ ಮಾಡಿದೆ.